ನಿಮ್ಮಪ್ಪಂಗೆ ಹೇಳು

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಅಮ್ಮನ ಫೋನ್ ಬಂತು. ನಾನು ಮಗಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ಕೈ ಎಣ್ಣೆಯಾಗಿತ್ತು, ಸ್ಪೀಕರ್‌ಗೆ ಹಾಕಿದೆ. ಅಮ್ಮ ಪೀಠಿಕೆ ಏನೂ ಹಾಕಲಿಲ್ಲ. "ನಿಮ್ಮಪ್ಪಂಗೆ ಹೇಳು, ಶುಗರ್ ಟೆಸ್ಟ್ ಮಾಡಿಸ್ಕೊಂಡು ಮೂರು ತಿಂಗಳಾಯ್ತು ಅಂತ" ಅಂದಳು. ಅವಳ ಹಿಂದೆ ಟಿವಿಯಲ್ಲಿ ವಾರ್ತೆ ಓದುವ ದನಿ ಕೇಳುತ್ತಿತ್ತು. ಅಂದರೆ ಅಪ್ಪ ಅಲ್ಲೇ ಹಾಲ್‌ನಲ್ಲಿ ಕೂತಿದ್ದಾರೆ. ಆಯ್ತು ಅಂತ ಫೋನ್ ಇಟ್ಟೆ. ಅಪ್ಪನ ನಂಬರಿಗೆ ಮಾಡಿದೆ. ಅದೇ ಮನೆ, ಅದೇ ವಾರ್ತೆ. "ಅಪ್ಪ, ಶುಗರ್ ಟೆಸ್ಟ್ ಮಾಡಿಸ್ಬೇಕಂತೆ." ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶನಿವಾರ ಹೋಗ್ತೀನಿ ಅಂತ ಹೇಳು ಅವಳಿಗೆ" ಅಂದರು. ಮತ್ತೆ ಅಮ್ಮನಿಗೆ ಮಾಡಿದೆ. ನಮ್ಮ ಮನೆಯ ಅಡುಗೆಮನೆಯಿಂದ ಹಾಲ್‌ಗೆ ಹೆಚ್ಚೆಂದರೆ 12 ಅಡಿ. ಆ 12 ಅಡಿ ದಾಟೋಕೆ ಒಂದು ಮಾತು ತಿಪಟೂರಿನಿಂದ ಬೆಂಗಳೂರಿಗೆ 140 ಕಿಲೋಮೀಟರ್ ಬಂದು, ಮತ್ತೆ 140 ಕಿಲೋಮೀಟರ್ ವಾಪಸ್ ಹೋಯಿತು. ಉತ್ತರಕ್ಕೂ ಅದೇ ಸುತ್ತು.

ಮಗಳು ಶೂ ಹಾಕಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡಿದ್ದಳು. "ಅಜ್ಜಿ ತಾತ ಜಗಳ ಆಡಿದಾರಾ?" ಅಂದಳು. ಇಲ್ಲ ಅಂದೆ. ನಿಜಕ್ಕೂ ಇಲ್ಲ. ಅವರ ಮದುವೆಯಾಗಿ 46 ವರ್ಷ ಆಯಿತು. ಮುಖಾಮುಖಿ ನಿಂತು ಜೋರಾಗಿ ಜಗಳ ಆಡಿದ್ದನ್ನು ನಾನು ನೋಡಿಯೇ ಇಲ್ಲ. "ಮತ್ತೆ ನೀನ್ಯಾಕೆ ಹೇಳ್ಬೇಕು?" ಅವಳಿಗೆ 6 ವರ್ಷ. ಅಷ್ಟರಲ್ಲಿ ಸ್ಕೂಲ್ ವ್ಯಾನ್ ಬಂತು, ನಾನು ಬಚಾವಾದೆ. ಆದರೆ ಆ ಪ್ರಶ್ನೆ ಮಾತ್ರ ಮನೆಯಲ್ಲೇ ಉಳಿಯಿತು.

ಅಂತೆ

ನಾನು ಮಾಡಿದ ಮೊದಲ ಕೆಲಸ ಅಂದರೆ ವಾಕ್ಯದ ಕೊನೆಗೆ 'ಅಂತೆ' ಸೇರಿಸೋದು. "ಊಟ ಆಗಿದೆ" ಅನ್ನೋದು ಅಡುಗೆಮನೆಯಲ್ಲಿ ಹುಟ್ಟುತ್ತಿತ್ತು. ಪಡಸಾಲೆಗೆ ಬರುವಷ್ಟರಲ್ಲಿ "ಊಟ ಆಗಿದೆಯಂತೆ" ಆಗುತ್ತಿತ್ತು. ಕನ್ನಡದಲ್ಲಿ ಹುಟ್ಟಿದ ಮಗುವಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಎಂಥಾ ಮಾತಾದರೂ ಸರಿ, ಬಾಲಕ್ಕೆ 'ಅಂತೆ' ಕಟ್ಟಿದರೆ ಆಯಿತು, ಆ ಮಾತಿಗೆ ನೀನು ಜವಾಬ್ದಾರಳಲ್ಲ. ಯಾರು ಹೇಳಿದರು ಅಂತಲೂ ಹೇಳಬೇಕಾಗಿಲ್ಲ. ಒಂದು ಸಣ್ಣ ಪ್ರತ್ಯಯದಲ್ಲಿ ಇಡೀ ಅಂಚೆ ಇಲಾಖೆ ಇದೆ.

ನಾನು ಒಳ್ಳೆಯ ಅಂಚೆಯವಳಾಗಿದ್ದೆ. ಬರೀ ಸಾಗಿಸುತ್ತಿರಲಿಲ್ಲ, ದಾರಿಯಲ್ಲಿ ತಿದ್ದುತ್ತಿದ್ದೆ. 1991ರ ಒಂದು ರಾತ್ರಿ ಚೆನ್ನಾಗಿ ನೆನಪಿದೆ. ನನಗೆ 9 ವರ್ಷ. ಚಿಕ್ಕಪ್ಪ ಕೊಬ್ಬರಿ ವ್ಯಾಪಾರಕ್ಕೆ ಕೈ ಹಾಕಿ ಸಾಲ ಎತ್ತೋಕೆ ಹೊರಟಿದ್ದರು. ಅಪ್ಪನದು ಸರ್ಕಾರಿ ಸಂಬಳ, ಹಾಗಾಗಿ ಜಾಮೀನಿಗೆ ಅಪ್ಪನ ಸಹಿ ಬೇಕಿತ್ತು. ಕರೆಂಟ್ ಹೋಗಿತ್ತು. ಅಪ್ಪ ಪಡಸಾಲೆಯಲ್ಲಿ ಚಾಪೆ ಮೇಲೆ ಕೂತು ಲಾಟೀನು ಬೆಳಕಲ್ಲಿ ಪೇಪರ್ ತಿದ್ದುತ್ತಿದ್ದರು. ಅಮ್ಮ ಒಳಗೆ ಮುದ್ದೆ ತೊಳಸುತ್ತಿದ್ದಳು. ಕೋಲು ಪಾತ್ರೆಗೆ ಬಡಿಯುವ ಸದ್ದಲ್ಲೇ ಸಿಟ್ಟು ಗೊತ್ತಾಗುತ್ತಿತ್ತು. "ನಿಮ್ಮಪ್ಪಂಗೆ ಹೇಳು, ಇನ್ನೊಂದು ಸಲ ಜಾಮೀನು ಹಾಕಿದ್ರೆ ನಾನು ನಿಮ್ಮಿಬ್ರನ್ನೂ ಕರ್ಕೊಂಡು ತೌರಿಗೆ ಹೋಗ್ತೀನಿ ಅಂತ." ನಾನು ನಾಲ್ಕು ಹೆಜ್ಜೆ ನಡೆದೆ. ಆ ನಾಲ್ಕು ಹೆಜ್ಜೆಯಲ್ಲಿ ಎಷ್ಟು ಲೆಕ್ಕ ಹಾಕಿರಬೇಕು ನೋಡಿ. "ಅಪ್ಪ, ಸ್ವಲ್ಪ ಯೋಚ್ನೆ ಮಾಡ್ಬೇಕಂತೆ" ಅಂದೆ. ಅಪ್ಪ ಕೆಂಪು ಪೆನ್ನಿನಿಂದ ತಲೆ ಎತ್ತಲಿಲ್ಲ. "ಅಣ್ಣತಮ್ಮಂದಿರ ವಿಷಯದಲ್ಲಿ ಅವಳು ತಲೆ ಹಾಕೋದು ಬೇಡ ಅಂತ ಹೇಳು." ಮತ್ತೆ ನಾಲ್ಕು ಹೆಜ್ಜೆ. "ಯೋಚ್ನೆ ಮಾಡ್ತಾರಂತೆ."

ಅಪ್ಪ ಸಹಿ ಹಾಕಿದರು. ವಾರದ ಮೇಲೆ ಅಮ್ಮನಿಗೆ ಗೊತ್ತಾಯಿತು. ಅವಳು ಅಪ್ಪನನ್ನು ಏನೂ ಕೇಳಲಿಲ್ಲ. ನನ್ನ ಜಡೆ ಹಾಕುತ್ತಾ, ಕೂದಲನ್ನು ಬೇಕಿದ್ದಕ್ಕಿಂತ ಜಾಸ್ತಿ ಬಿಗಿಯಾಗಿ ಎಳೆಯುತ್ತಾ, "ನೀನು ಅವತ್ತು ಸರಿಯಾಗಿ ಹೇಳ್ಲಿಲ್ಲ ಕಣೇ" ಅಂದಳು. ಅಲ್ಲಿಗೆ ಮುಗಿಯಿತು. ಅವರಿಬ್ಬರ ನಡುವಿನ ವಿಷಯ ನನ್ನ ತಪ್ಪಾಗಿ ಇತ್ಯರ್ಥ ಆಯಿತು. ಅದು ತಪ್ಪೇ ಅಂತ ನಾನೂ ಬಹಳ ವರ್ಷ ನಂಬಿದ್ದೆ.

ಮರೆ ಬೋವೆನ್ ಅನ್ನೋ ಅಮೆರಿಕದ ಮನೋವೈದ್ಯರು ಇದಕ್ಕೆ ತ್ರಿಕೋನ ಅಂತ ಹೆಸರಿಟ್ಟಿದ್ದಾರೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಅವರು ಹೇಳೋದು ಇಷ್ಟು. ಇಬ್ಬರ ನಡುವಿನ ಸಂಬಂಧ ನೆಟ್ಟಗಿರೋದು ಇಬ್ಬರಿಗೂ ತಲೆಬಿಸಿ ಇಲ್ಲದಿರುವಾಗ ಮಾತ್ರ. ಸ್ವಲ್ಪ ಒತ್ತಡ ಬಿದ್ದರೆ ಅದು ಕುಂಟೋಕೆ ಶುರುವಾಗುತ್ತೆ, ಮೂರನೆಯವರ ಹೆಗಲು ಹುಡುಕುತ್ತೆ. ಮೂರು ಕಾಲಿನ ಮಣೆ ಅಲ್ಲಾಡದೆ ನಿಲ್ಲುತ್ತಲ್ಲ, ಹಾಗೆ. ಇದರಲ್ಲಿ ಯಾರೂ ಕೆಟ್ಟವರಾಗಿರಬೇಕಿಲ್ಲ. ಎಲ್ಲ ಮನೆಯಲ್ಲೂ ಇದು ದಿನಕ್ಕೆ ಹತ್ತು ಸಲ ನಡೆಯುತ್ತೆ. ನನಗೆ ಇಷ್ಟವಾದ ಸೂಕ್ಷ್ಮ ಇನ್ನೊಂದಿದೆ. ಮನೆ ತಣ್ಣಗಿರುವಾಗ ಇಬ್ಬರು ಹತ್ತಿರ ಇರುತ್ತಾರೆ, ಮೂರನೆಯವರಿಗೆ ತಾವು ಹೊರಗೆ ಉಳಿದೆವು ಅನ್ನೋ ಸಂಕಟ. ಮನೆ ಕಾದಾಗ ಇದು ಉಲ್ಟಾ. ಆಗ ಹೊರಗಿನ ಜಾಗವೇ ಎಲ್ಲರಿಗೂ ಬೇಕು. ಆ ರಾತ್ರಿ ಅಪ್ಪನಿಗೆ ಪೇಪರ್ ತಿದ್ದುವ ನೆಪ ಇತ್ತು, ಅಮ್ಮನಿಗೆ ಮುದ್ದೆ ಇತ್ತು. ಹೊಸಿಲ ಮೇಲೆ ನಿಂತವಳು ನಾನು.

ಎರಡು ಗೆರೆಯ ಚೌಕ

ಇವೆಲ್ಲ ಮಾತು ನನ್ನ ಕಿವಿಗೆ ಬಿದ್ದಿದ್ದು ತಮ್ಮನ ದೆಸೆಯಿಂದ. 2008ರಲ್ಲಿ ಅವನಿಗೆ 22. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಾಲ್ಕು ಸಬ್ಜೆಕ್ಟ್ ಉಳಿಸಿಕೊಂಡು ಮನೆಗೆ ಬಂದವನು ರೂಮಿನಿಂದ ಹೊರಗೆ ಬರುವುದನ್ನೇ ನಿಲ್ಲಿಸಿದ. ಸ್ನಾನ ಇಲ್ಲ, ಶೇವಿಂಗ್ ಇಲ್ಲ, ರಾತ್ರಿ ನಿದ್ದೆ ಇಲ್ಲ. ದೇವರು ದಿಂಡರು ಎಲ್ಲ ಮುಗಿದ ಮೇಲೆ ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಔಷಧಿ ಶುರುವಾಯಿತು. ಎರಡನೇ ಸಲಕ್ಕೆ ಅಲ್ಲಿನ ಕೌನ್ಸೆಲರ್ ಮೇಡಂ ಮನೆಯವರೆಲ್ಲ ಬನ್ನಿ ಅಂದರು. ಅಪ್ಪನಿಗೆ ಕಿರಿಕಿರಿ. "ಹುಷಾರಿಲ್ದೇ ಇರೋದು ಅವನಿಗೆ. ನಮ್ಮನ್ನೆಲ್ಲ ಯಾಕೆ ಕರೀತಾರೆ?"

ಅವರು ಒಂದು ದೊಡ್ಡ ಹಾಳೆ ತೆಗೆದು ನಮ್ಮ ಮನೆಯನ್ನು ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ಸುತ್ತು. ಗಂಡ ಎಡಕ್ಕೆ, ಹೆಂಡತಿ ಬಲಕ್ಕೆ, ಮಕ್ಕಳು ಹುಟ್ಟಿದ ಕ್ರಮದಲ್ಲಿ ಕೆಳಗೆ. ಜೀನೋಗ್ರಾಮ್ ಅಂತ ಅದರ ಹೆಸರು. ವಂಶವೃಕ್ಷದ ಹಾಗೇ ಕಾಣುತ್ತೆ. ಆದರೆ ಆಸ್ತಿಗೋಸ್ಕರ ಮಾಡಿಸುವ ವಂಶವೃಕ್ಷದಲ್ಲಿ ಇಲ್ಲದ್ದೆಲ್ಲ ಇದರಲ್ಲಿದೆ. ಹೊಂದಾಣಿಕೆ ಇಲ್ಲದವರ ನಡುವೆ ಗರಗಸದ ಹಲ್ಲಿನ ಥರ ಗೆರೆ. ತೀರಾ ಹಚ್ಚಿಕೊಂಡವರ ನಡುವೆ ಮೂರು ಗೆರೆ. ಮಾತು ಬಿಟ್ಟವರ ನಡುವಿನ ಗೆರೆಯನ್ನು ಮಧ್ಯಕ್ಕೆ ಕತ್ತರಿಸಿ ಎರಡು ಅಡ್ಡಗೀಟು. ತಮ್ಮನ ಚೌಕಕ್ಕೆ ಮಾತ್ರ ಒಳಗೊಂದು ಹೊರಗೊಂದು, ಎರಡು ಗೆರೆ. ಅಲ್ಲಿಯವರೆಗೆ ಬಾಯಿ ಬಿಡದವನು ಆಗ ಕೇಳಿದ. "ನಂಗ್ಯಾಕೆ ಎರಡು ಗೆರೆ?" ಮೇಡಂ ನಕ್ಕರು. "ಸದ್ಯಕ್ಕೆ ನಿಮ್ಮ ಹೆಸರಲ್ಲಿ ಫೈಲ್ ಇದೆ, ಅದಕ್ಕೆ" ಅಂದರು.

ಐಡೆಂಟಿಫೈಡ್ ಪೇಷೆಂಟ್ ಅನ್ನುತ್ತಾರೆ. ಮನೆಯವರೆಲ್ಲ ಸೇರಿ ಬೆರಳು ತೋರಿಸುವ ರೋಗಿ. ಇದನ್ನು ತಪ್ಪು ತಿಳಿಯೋದು ಸುಲಭ. ತಮ್ಮನಿಗೆ ಏನೂ ಆಗಿರಲಿಲ್ಲ ಅಂತ ಇದರರ್ಥ ಅಲ್ಲ. ಅವನಿಗೆ ಡಿಪ್ರೆಶನ್ ಇತ್ತು, ಮಾತ್ರೆ ಬೇಕಿತ್ತು, ಮಾತ್ರೆಯಿಂದ ಅನುಕೂಲವೂ ಆಯಿತು. ಮನೆಯ ಕಾವೆಲ್ಲ ಒಂದೇ ಕಡೆ ಆವಿಯಾಗಿ ಹೊರಗೆ ಬರುತ್ತಿರುತ್ತೆ, ಆ ತೂತನ್ನು ಮಾತ್ರ ಮುಚ್ಚಿದರೆ ಸಾಲದು ಅಂತ ಅಷ್ಟೇ.

ಬೋವೆನ್ ಇದನ್ನು ಕಂಡಿದ್ದು ಮೇರಿಲ್ಯಾಂಡ್‌ನ ಬೆಥೆಸ್ಡಾದಲ್ಲಿ. 1954ರಿಂದ 1959ರವರೆಗೆ ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ವಾರ್ಡಿನಲ್ಲಿ ಸ್ಕಿಜೋಫ್ರೇನಿಯಾ ಇರುವ ಮಕ್ಕಳ ಜೊತೆ ಮೊದಲು ತಾಯಂದಿರನ್ನು, ಆಮೇಲೆ ತಂದೆಯರನ್ನೂ ಸೇರಿಸಿ ಇಡೀ ಸಂಸಾರವನ್ನೇ ಇಟ್ಟುಕೊಂಡು ನೋಡಿದರು. ಆ ಸಂಸಾರಗಳಲ್ಲಿ ಅಪ್ಪ ಅಮ್ಮ ಪರಸ್ಪರ ಬಹಳ ಮರ್ಯಾದೆಯಿಂದ, ಬಹಳ ದೂರದಿಂದ ಬದುಕುತ್ತಿದ್ದರು. ಈ ಸ್ಥಿತಿಗೆ ಬೋವೆನ್ ಭಾವನಾತ್ಮಕ ವಿಚ್ಛೇದನ ಅಂದರು. ಆ ಗಂಡ ಹೆಂಡತಿ ಹತ್ತಿರವಾದಾಗ ಮಗುವೂ ಸುಧಾರಿಸುತ್ತಿತ್ತು. (ಅದೇ ಹೊತ್ತಿಗೆ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನುವವರು ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಜೊತೆಯಲ್ಲೇ ಉಳಿಸಿಕೊಂಡಿದ್ದರು. ಸಂಶೋಧನೆ ಮಾಡೋಕೆ ಅಂತಲ್ಲ, ಮನೆಯವರೇ ಆರೈಕೆ ಕಲಿಯಲಿ ಅಂತ. ನಮ್ಮಲ್ಲಿ ಆಸ್ಪತ್ರೆ ಅಂದರೆ ಪಕ್ಕದಲ್ಲೊಂದು ಚಾಪೆ, ಒಂದು ಫ್ಲಾಸ್ಕ್, ಒಬ್ಬ ಚಿಕ್ಕಮ್ಮ ಇದ್ದೇ ಇರಬೇಕಲ್ಲ.)

ಮರ್ಯಾದೆಯ ದೂರ. ಆ ಮಾತು ಓದಿದಾಗ ನನಗೆ ಲಾಟೀನು ಬೆಳಕು ನೆನಪಾಯಿತು. ಇನ್ನೊಂದೂ ನೆನಪಾಯಿತು. ತಮ್ಮ ರೂಮು ಸೇರಿದ ಆ ಎಂಟು ತಿಂಗಳಲ್ಲಿ ಅಪ್ಪ ಅಮ್ಮ ಮಾತಾಡಿದಷ್ಟು ಮೊದಲೂ ಮಾತಾಡಿರಲಿಲ್ಲ, ಆಮೇಲೂ ಮಾತಾಡಿಲ್ಲ. ಅವನು ಊಟ ಮಾಡಿದನಾ, ಬಾಗಿಲು ಹಾಕಿಕೊಂಡನಾ, ಮಾತ್ರೆ ನುಂಗಿದನಾ. ಇಬ್ಬರೂ ರಾತ್ರಿ ಅಡುಗೆಮನೆಯಲ್ಲಿ ಪಿಸುಪಿಸು ಅನ್ನುತ್ತಿದ್ದರು. ಅವನು ಹುಷಾರಾಗಿ ಹುಬ್ಬಳ್ಳಿಗೆ ಕೆಲಸಕ್ಕೆ ಹೋದ ಮೇಲೆ ಮನೆ ಮತ್ತೆ ಗಪ್‌ಚುಪ್. ಡಾನ್ ಜಾಕ್ಸನ್ ಅನ್ನೋ ಅಮೆರಿಕದ ಇನ್ನೊಬ್ಬ ಮನೋವೈದ್ಯರು 1957ರಲ್ಲೇ ಬರೆದಿದ್ದರು, ಮನೆ ಅನ್ನೋದು ಹೇಗೋ ಮಾಡಿ ತನ್ನ ಹಳೆಯ ಹದಕ್ಕೇ ವಾಪಸ್ ಬರೋಕೆ ನೋಡುತ್ತೆ, ಒಬ್ಬರು ಸುಧಾರಿಸಿದರೆ ಇನ್ನೊಬ್ಬರು ಮಲಗುತ್ತಾರೆ ಅಂತ. ತಮ್ಮ ಹೋದ ಮೂರು ತಿಂಗಳಿಗೆ ಅಮ್ಮನಿಗೆ ಮಂಡಿನೋವು ಶುರುವಾಯಿತು. ವಯಸ್ಸಾಗಿತ್ತು, ಮಂಡಿ ನೋಯುವುದೇ. ಆದರೂ ನೆನಪಿಟ್ಟುಕೊಂಡಿದ್ದೇನೆ.

ಆ ಕೋಣೆಯಲ್ಲಿ ನಡೆದ ಇನ್ನೊಂದು ವಿಷಯ ಹೇಳಬೇಕು. ನಾವು ಕೂತ ರೀತಿ. ಗೋಡೆ ಪಕ್ಕ ತಮ್ಮ. ಆಮೇಲೆ ಅಮ್ಮ, ನಾನು, ಅಪ್ಪ. ಯಾರೂ ಹೇಳದೇ ಹಾಗೆ ಕೂತಿದ್ದೆವು. ಮೇಡಂ ನನ್ನ ಕಡೆ ನೋಡಿ, "ನೀವು ಕುರ್ಚಿ ತಗೊಂಡು ಸ್ವಲ್ಪ ಇತ್ತ ಬನ್ನಿ" ಅಂದರು. ನಾನು ಅವರ ಪಕ್ಕ ಹೋಗಿ ಕೂತೆ. ಅಪ್ಪ ಅಮ್ಮನ ನಡುವೆ ಒಂದು ಕುರ್ಚಿಯಷ್ಟು ಜಾಗ ಖಾಲಿ. "ಮಗನ ಬಗ್ಗೆ ನಿಮಗೆ ಏನು ಹೆದರಿಕೆ ಅಂತ ನಿಮ್ಮ ಮನೆಯವರಿಗೆ ಹೇಳಿ" ಅಂದರು ಅಪ್ಪನಿಗೆ. 30 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ ಮನುಷ್ಯ. ಗಂಟಲು ಸರಿಮಾಡಿಕೊಂಡರು. ಫ್ಯಾನ್ ನೋಡಿದರು. ಆಮೇಲೆ ಖಾಲಿ ಜಾಗ ದಾಟಿ, ಅಮ್ಮನನ್ನೂ ದಾಟಿ, ನನ್ನನ್ನು ನೋಡಿ, "ನೀನೇ ಹೇಳಮ್ಮ" ಅಂದರು.

ಕುರ್ಚಿ ಬದಲಿಸುವ ಈ ಉಪಾಯ ಸಾಲ್ವಡಾರ್ ಮಿನುಚಿನ್ ಅನ್ನೋ ಕುಟುಂಬ ಚಿಕಿತ್ಸಕರ ಕೈಗುಣ ಅಂತ ಆಮೇಲೆ ತಿಳಿಯಿತು. ಅರ್ಜೆಂಟೀನಾದಲ್ಲಿ ಹುಟ್ಟಿ, ನ್ಯೂಯಾರ್ಕಿನ ಬಡ ಹುಡುಗರ ಮನೆಗಳಲ್ಲಿ, ಆಮೇಲೆ ಫಿಲಡೆಲ್ಫಿಯಾದಲ್ಲಿ ಕೆಲಸ ಮಾಡಿದವರು. ಊಟ ಬಿಟ್ಟ ಹುಡುಗಿಯರ ಮನೆಯವರನ್ನೆಲ್ಲ ತಮ್ಮ ಎದುರೇ ಊಟಕ್ಕೆ ಕೂರಿಸುತ್ತಿದ್ದರು. ಮನೆಯ ಕಥೆ ಕೇಳುವುದಕ್ಕಿಂತ ಮನೆಯನ್ನೇ ಕಣ್ಣೆದುರು ಆಡಿಸಿ ನೋಡುವ ಮನುಷ್ಯ.

ನಡುಮನೆಯ ಗೋಡೆ

ಬೋವೆನ್ ಅವರ ಇಡೀ ಸಿದ್ಧಾಂತ ನಿಂತಿರೋದು ಒಂದು ಮಾತಿನ ಮೇಲೆ. ಡಿಫರೆನ್ಷಿಯೇಷನ್. ಇದನ್ನು ಕನ್ನಡಕ್ಕೆ ತರೋಕೆ ಹೋಗಿ ನಾನು ಸಿಕ್ಕಿಬಿದ್ದೆ. ಮೊದಲು ಬಾಯಿಗೆ ಬರೋದು 'ಬೇರೆ ಆಗೋದು'. ಆದರೆ ನಮ್ಮ ಕಡೆ ಬೇರೆ ಆಗೋದು ಅಂದರೆ ಒಲೆ ಬೇರೆ, ಪಡಿತರ ಚೀಟಿ ಬೇರೆ, ಪಹಣಿ ಬೇರೆ. ಬೋವೆನ್ ಹೇಳಿದ್ದು ಅದಲ್ಲವೇ ಅಲ್ಲ.

ಚಿಕ್ಕಪ್ಪನ ಸಾಲ ಮುಳುಗಿತು. ಅಪ್ಪನ ಸಂಬಳದಲ್ಲಿ ಹಿಡಿಯೋಕೆ ಶುರುಮಾಡಿದರು. ಎಲ್ಲರ ಬಾಯಲ್ಲೂ ಮಾತು ಬಂತು. 1993ರಲ್ಲಿ ತಾತನ ಮನೆ ಹಿಸ್ಸೆ ಆಯಿತು. ಅಪ್ಪ ತೋಟದ ಒಂದು ತುಂಡು ತಗೊಂಡು ಮನೆ ಬೇಡ ಅಂದರು. ಉಳಿದಿದ್ದು ದೊಡ್ಡಪ್ಪ, ಚಿಕ್ಕಪ್ಪ. ನಡುಮನೆಯ ಮಧ್ಯೆ ಇಟ್ಟಿಗೆ ಗೋಡೆ ಎದ್ದಿತು. ಅಲ್ಲೊಂದು ಹಲಸಿನ ಮರದ ಕಂಬ ಇತ್ತು. ಅದನ್ನು ತೆಗೆದರೆ ಸೂರು ಕೂರುತ್ತೆ ಅಂತ ಮೇಸ್ತ್ರಿ ಹೇಳಿದ. ಹಾಗಾಗಿ ಗೋಡೆಯನ್ನು ಕಂಬಕ್ಕೇ ಸೇರಿಸಿ ಕಟ್ಟಿದರು. ಅರ್ಧ ಕಂಬ ಆ ಕಡೆ, ಅರ್ಧ ಕಂಬ ಈ ಕಡೆ. ಅಟ್ಟದ ಮೇಲಿನ ಕಾಯಿಯನ್ನು ಎಣಿಸಿ ಪಾಲು ಮಾಡಿದರು.

ಅಣ್ಣತಮ್ಮಂದಿರು ಅವತ್ತಿನಿಂದ ಮಾತು ಬಿಟ್ಟರು. ನಮ್ಮಲ್ಲಿ ಈ ಕ್ರಿಯಾಪದ ಎಷ್ಟು ಸಲೀಸಾಗಿದೆ ನೋಡಿ, ಬೀಡಿ ಬಿಟ್ಟ ಹಾಗೆ ಮಾತು ಬಿಡೋದು. ಬೋವೆನ್ ಇದನ್ನು 70ರ ದಶಕದಲ್ಲಿ ಎಮೋಷನಲ್ ಕಟಾಫ್ ಅಂತ ತಮ್ಮ ಪಟ್ಟಿಗೆ ಸೇರಿಸಿದರು. ಅವರ ಪ್ರಕಾರ ದೂರ ಹೋದವರು ಬಿಡಿಸಿಕೊಂಡವರಲ್ಲ. ಅಂಟು ಜಾಸ್ತಿ ಇರುವ ಕಡೆಯೇ ಕತ್ತರಿ ಬೇಕಾಗೋದು. ಇದಕ್ಕೆ ಸಾಕ್ಷಿ ಬೇಕಾದರೆ ನಮ್ಮ ದೊಡ್ಡಮ್ಮನ ಹತ್ತಿರ ಹೋಗಬೇಕು. ಗೋಡೆಯ ಆ ಕಡೆ ಒಗ್ಗರಣೆ ಬಿದ್ದರೆ ಈ ಕಡೆ ದೊಡ್ಡಮ್ಮ ಮೂಗು ಅರಳಿಸಿ, "ಇವತ್ತು ಹುರುಳಿ ಬಸ್ಸಾರು" ಅನ್ನುತ್ತಿದ್ದಳು. ಅವರು ಒಬ್ಬಟ್ಟು ಮಾಡಿದರೆ ಇವರೂ ಮಾಡಬೇಕು. ಅವರು ಬಣ್ಣ ಹೊಡೆಸಿದರೆ ಇವರಿಗೆ ಸಾಲ ಆದರೂ ಸರಿ. ಚಿಕ್ಕಪ್ಪ ಕೆಮ್ಮಿದರೆ ದೊಡ್ಡಪ್ಪನ ಕೈಯಲ್ಲಿದ್ದ ತುತ್ತು ಒಂದು ಗಳಿಗೆ ನಿಲ್ಲುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. 2014ರಲ್ಲಿ ಚಿಕ್ಕಪ್ಪ ತೀರಿಕೊಂಡಾಗ ದೊಡ್ಡಪ್ಪ ಆ ಕಡೆ ಹೋಗಲಿಲ್ಲ. ಆದರೆ ಮೂರು ದಿನ ಊಟ ಬಿಟ್ಟು ಆ ಅರ್ಧ ಕಂಬಕ್ಕೆ ಒರಗಿ ಕೂತಿದ್ದರು. ಇವರು ಬೇರೆ ಆಗಿದ್ದರಾ?

ನನಗೆ ಡಿಫರೆನ್ಷಿಯೇಷನ್ ಅರ್ಥವಾದದ್ದು ಅದೇ ಅಟ್ಟದ ಕಾಯಿಯಿಂದ. ನಮ್ಮ ಕಡೆ ಕೊಬ್ಬರಿಗೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗೇ ಆರುತ್ತೆ. ತಾತ ಒಂದೊಂದೇ ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಗುಡುಗುಡು ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಅಂತ ಲೆಕ್ಕ. ಇನ್ನೂ ಚಿಪ್ಪಿನ ಒಳಗೇ ಇದೆ, ಆದರೆ ಅಂಟಿಕೊಂಡಿಲ್ಲ. ಹಸಿ ಇರುವಾಗಲೇ ಒಡೆದು ಎಬ್ಬಿಸೋಕೆ ಹೋದರೆ ಚಿಪ್ಪಿಗೆ ಅರ್ಧ, ಕೈಗೆ ಅರ್ಧ. (ಸಾಧು ಸಂತರು ಇದೇ ಕಾಯಿಯನ್ನು ದೇಹ, ಆತ್ಮ ಅಂತ ಎಲ್ಲೆಲ್ಲಿಗೋ ಒಯ್ದಿದ್ದಾರೆ. ನನಗೆ ಅಷ್ಟು ದೂರ ಹೋಗೋದು ಬೇಡ, ಅಡುಗೆಮನೆಯಿಂದ ಹಾಲ್‌ವರೆಗೆ ಸಾಕು.) ಬೋವೆನ್ ಹೇಳಿದ್ದೂ ಇದನ್ನೇ. ಮನೆಯವರ ಜೊತೆ ಇದ್ದೂ, ಅವರ ದಿಗಿಲು ನಿನ್ನ ದಿಗಿಲಾಗದೆ, ನಿನ್ನ ಮಾತನ್ನು ನೀನು 'ನಾನು' ಅಂತ ಹೇಳೋಕೆ ಬರಬೇಕು. 'ಅಂತೆ' ಹಾಕದೆ.

ಏಕವಚನದ ಅಮ್ಮ

ಇಲ್ಲಿಯವರೆಗೆ ಓದಿದವರು ಗಮನಿಸಿರಬಹುದು. ಈ ಬರಹದಲ್ಲಿ ಅಮ್ಮ 'ಅಂದಳು', ಅಪ್ಪ 'ಅಂದರು'. ಬೇಕಂತ ಮಾಡಿದ್ದಲ್ಲ. ತಿದ್ದೋಕೆ ನೋಡಿದೆ, ಅಮ್ಮ 'ಅಂದರು' ಅಂತ ಬರೆದರೆ ಯಾರೋ ನೆಂಟರ ಹೆಂಗಸು ಬಂದ ಹಾಗಾಯಿತು. ಹಾಗೇ ಬಿಟ್ಟೆ. ಏಕವಚನದಲ್ಲಿ ಸಲಿಗೆ ಇದೆ ಅನ್ನೋದು ನಿಜ. ಅಷ್ಟೇ ಇದೆ ಅಂತ ಮಾತ್ರ ನಾನು ಹೇಳಲಾರೆ.

ತ್ರಿಕೋನದ ಬಗ್ಗೆ ಓದಿದಾಗ ಮೊದಲು ನನಗೆ ಅಮ್ಮನ ಮೇಲೆ ಸಿಟ್ಟು ಬಂತು. ನೇರ ಹೇಳೋಕೇನು ಕಷ್ಟ? ಮಗುವನ್ನು ಯಾಕೆ ಮಧ್ಯೆ ಎಳೆಯಬೇಕು? ಆದರೆ ಅಮ್ಮ 1979ರಲ್ಲಿ, 19ನೇ ವಯಸ್ಸಿಗೆ ಆ ಮನೆಗೆ ಬಂದಾಗ ಅತ್ತೆ ಮಾವನ ಎದುರು ಗಂಡನ ಜೊತೆ ಮಾತಾಡುವ ಹಾಗಿರಲಿಲ್ಲ. ಹೆಸರು ಹಿಡಿದು ಕರೆಯುವ ಮಾತಂತೂ ಇಲ್ಲವೇ ಇಲ್ಲ. ಬೇಕಾದ್ದು ಹೇಳೋಕೆ ಬಳೆ ಸದ್ದು, ಪಾತ್ರೆ ಸದ್ದು, ಮೈದುನ ಇಷ್ಟೇ ದಾರಿ. ಆಮೇಲೆ ನಾನು ಹುಟ್ಟಿದೆ. ಮಾತು ಕಲಿತೆ. ಅವಳ ಪಾಲಿಗೆ ನಾನು ಬಾಯಿ. ಬೋವೆನ್ ಪ್ರಕಾರ ತ್ರಿಕೋನ ಆತಂಕದಿಂದ ಹುಟ್ಟುತ್ತೆ. ಇರಬಹುದು. ನಮ್ಮಲ್ಲಿ ಅದು ಕಟ್ಟಳೆಯಿಂದಲೂ ಹುಟ್ಟುತ್ತೆ.

ಕುಟುಂಬ ಚಿಕಿತ್ಸೆ ಅನ್ನೋ ಈ ವಿದ್ಯೆಯ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಮನೆ ಒಂದು ವ್ಯವಸ್ಥೆ, ಎಲ್ಲರೂ ಎಲ್ಲರಿಂದ ಪ್ರಭಾವಿತರು, ಯಾರದೂ ತಪ್ಪಿಲ್ಲ ಅನ್ನೋದು ಕೇಳೋಕೆ ಚೆನ್ನಾಗಿದೆ. ಆದರೆ ಸುತ್ತಿನ ಎಲ್ಲ ಬಿಂದುವಿಗೂ ಒಂದೇ ಅಧಿಕಾರ ಇರುವುದಿಲ್ಲ. ಅಮೆರಿಕದಲ್ಲೇ ರೇಚಲ್ ಹೇರ್-ಮಸ್ಟಿನ್ ಎಂಬುವವರು 1978ರಲ್ಲಿ ಸ್ತ್ರೀವಾದದ ಕಡೆಯಿಂದ ಈ ಚಿಕಿತ್ಸೆಯನ್ನು ತರಾಟೆಗೆ ತಗೊಂಡಿದ್ದರು. ಅದಕ್ಕೂ ಮೊದಲಿನ ಕಥೆ ಇನ್ನೂ ಕೆಟ್ಟದ್ದು. 40, 50ರ ದಶಕದಲ್ಲಿ ಮಕ್ಕಳಿಗೆ ಸ್ಕಿಜೋಫ್ರೇನಿಯಾ ಬರೋದು ತಾಯಂದಿರಿಂದ ಅಂತಲೇ ದೊಡ್ಡ ದೊಡ್ಡ ವೈದ್ಯರು ಬರೆದರು. ಅದು ಸುಳ್ಳು ಅಂತ ಈಗ ಎಲ್ಲರೂ ಒಪ್ಪುತ್ತಾರೆ. ಅದನ್ನು ನಂಬಿ ತಮ್ಮನ್ನೇ ಹಳಿದುಕೊಂಡು ಸತ್ತ ತಾಯಂದಿರಿಗೆ ಯಾರೂ ಹೋಗಿ ಹೇಳೋಕಾಗಲ್ಲ.

ಎನ್‌ಮೆಶ್‌ಮೆಂಟ್ ಅನ್ನೋ ಮಾತೂ ನಮ್ಮ ಮನೆಗಳ ಮೇಲೆ ಸುಮ್ನೆ ಎಸೆಯುವಂಥದ್ದಲ್ಲ. ಮಿನುಚಿನ್ ತಂದ ಪದ ಅದು. ಬೇಲಿಯೇ ಇಲ್ಲದಂತೆ ಒಬ್ಬರೊಳಗೊಬ್ಬರು ಹೊಕ್ಕಿರೋದು. ಈಗ ಇನ್‌ಸ್ಟಾಗ್ರಾಮ್ ನೋಡಿದವರೆಲ್ಲ ದಿನಕ್ಕೆರಡು ಸಲ ಅಮ್ಮ ಫೋನ್ ಮಾಡಿದರೆ ಎನ್‌ಮೆಶ್‌ಮೆಂಟ್ ಅನ್ನುತ್ತಾರೆ. ಒಂದೇ ಹಾಲ್‌ನಲ್ಲಿ ಏಳು ಜನ ಮಲಗಿ ಬೆಳೆದವರು ನಾವು. ಮಿನುಚಿನ್ ಹೇಳಿದ ಬೌಂಡರಿ ರೂಮಿನ ಬಾಗಿಲಲ್ಲ. ಯಾವ ವಿಷಯದಲ್ಲಿ ಯಾರು, ಹೇಗೆ ಸೇರಬಹುದು ಅನ್ನೋ ಕಟ್ಟುಪಾಡು ಅದು. ಏಳು ಜನರ ಹಾಲ್‌ನಲ್ಲೂ ಅದು ಇರಬಹುದು. ಮೂರು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇಲ್ಲದೇ ಇರಬಹುದು. 9 ವರ್ಷದ ಹುಡುಗಿ ಜಾಮೀನಿನ ಮಾತುಕತೆಯಲ್ಲಿ ಇರಬಾರದಿತ್ತು, ಅಷ್ಟೇ.

ಅಂಚೆ ಬಂದ್

ಹಾಗಾದರೆ ನಾನೇನು ಮಾಡಿದೆ? ಮೊದಲು ಪೆದ್ದುತನ ಮಾಡಿದೆ. ನಾಲ್ಕೈದು ವರ್ಷದ ಹಿಂದೆ ಒಂದು ದಿನ ರೋಸಿಹೋಗಿ ಅಮ್ಮನ ಫೋನ್ ಎತ್ತೋದನ್ನೇ ಕಡಿಮೆ ಮಾಡಿದೆ. ಬೌಂಡರಿ ಹಾಕಿದೆ ಅಂದುಕೊಂಡಿದ್ದೆ. ಯೋಚಿಸಿದರೆ ಅದು ದೊಡ್ಡಪ್ಪನ ಗೋಡೆಯೇ. ಫೋನ್ ಎತ್ತದಿದ್ದರೂ ಎಷ್ಟು ಮಿಸ್ಡ್ ಕಾಲ್ ಅಂತ ಎಣಿಸುತ್ತಿದ್ದೆ.

ಬೋವೆನ್ ತಮ್ಮ ಮನೆಯಲ್ಲಿ ಮಾಡಿದ್ದು ಬೇರೆ. ಟೆನೆಸಿಯ ವೇವರ್ಲಿ ಅನ್ನೋ ಸಣ್ಣ ಊರಿನವರು, ಐದು ಮಕ್ಕಳಲ್ಲಿ ಹಿರಿಯರು. ಮನೆಯ ವ್ಯಾಪಾರದ ವಿಷಯಕ್ಕೆ ಅಣ್ಣತಮ್ಮಂದಿರಲ್ಲಿ ಗುಸುಗುಸು ಎದ್ದಿತ್ತು. ಅವರು ಒಬ್ಬರ ಬಗ್ಗೆ ಇನ್ನೊಬ್ಬರು ತಮ್ಮ ಕಿವಿಯಲ್ಲಿ ಹೇಳಿದ್ದನ್ನು ಗುಟ್ಟಾಗಿಡದೆ, ಯಾರ ಬಗ್ಗೆ ಹೇಳಿದರೋ ಅವರಿಗೇ ಕಾಗದ ಬರೆದು ತಿಳಿಸಿದರು. ಆಮೇಲೆ ತಾವೇ ಊರಿಗೆ ಹೋಗಿ ನಡುವೆ ಕೂತರು. ಯಾರ ಪಕ್ಷವನ್ನೂ ವಹಿಸಲಿಲ್ಲ, ಎದ್ದೂ ಹೋಗಲಿಲ್ಲ. 1967ರ ಮಾರ್ಚಿನಲ್ಲಿ ಫಿಲಡೆಲ್ಫಿಯಾದ ಒಂದು ಸಮ್ಮೇಳನದಲ್ಲಿ, ಸಿದ್ಧಾಂತದ ಭಾಷಣ ಕಾಯುತ್ತಿದ್ದ ವೈದ್ಯರ ಎದುರು ಈ ಸ್ವಂತ ಮನೆಯ ಕಥೆ ಹೇಳಿಬಿಟ್ಟರು. 1972ರಲ್ಲಿ ಅದು ಅಚ್ಚಾದಾಗ ಲೇಖಕರ ಹೆಸರಿನ ಜಾಗದಲ್ಲಿ ಅನಾಮಿಕ ಅಂತಿತ್ತು. ಅಷ್ಟು ದೊಡ್ಡ ವೈದ್ಯರಿಗೂ ಮನೆಯ ಅಂಜಿಕೆ ತಪ್ಪಿದ್ದಲ್ಲ.

ನಾನೂ ಹೋದ ವರ್ಷ ಯುಗಾದಿ ಆದಮೇಲೆ ಅಮ್ಮನಿಗೆ ಹೇಳಿದೆ. "ಅಮ್ಮ, ನೀನು ಎಷ್ಟು ಹೊತ್ತು ಬೇಕಾದ್ರೂ ಮಾತಾಡು, ನಾನು ಕೇಳ್ತೀನಿ. ಆದ್ರೆ ಅಪ್ಪಂಗೆ ಹೇಳೋದನ್ನ ನೀನೇ ಹೇಳು." ಒಬ್ಬರು ಜಾಗ ಬದಲಿಸಿದರೆ ಮನೆ ಮೂರು ಮಾತು ಹೇಳುತ್ತೆ ಅಂತ ಬೋವೆನ್ ಬರೆದಿದ್ದಾರೆ. ನೀನು ಮಾಡಿದ್ದು ತಪ್ಪು, ಮೊದಲಿನ ಹಾಗಾಗು, ಆಗದಿದ್ದರೆ ಏನಾಗುತ್ತೆ ನೋಡು. ಅಮ್ಮ ಅದನ್ನು ಓದಿದವಳಲ್ಲ, ಆದರೂ ಕ್ರಮ ತಪ್ಪಲಿಲ್ಲ. "ಯಾರು ಹೇಳ್ಕೊಟ್ರು ನಿಂಗೆ ಇದನ್ನೆಲ್ಲ?" ಒಂದು ವಾರ. "ಮುಂಚೆ ಹಿಂಗಿರ್ಲಿಲ್ಲ ಕಣೇ ನೀನು." ಎರಡು ವಾರ. "ಬಿಡು, ಇನ್ಮೇಲೆ ನಂಗೆ ಏನಾದ್ರೂ ನಿಮ್ಗ್ಯಾರ್ಗೂ ಹೇಳಲ್ಲ." ಆಮೇಲೆ ಒಂದು ತಿಂಗಳು ಫೋನ್ ಇಲ್ಲ. ಹುಬ್ಬಳ್ಳಿಯಿಂದ ತಮ್ಮ ಫೋನ್ ಮಾಡಿದ. "ಅಕ್ಕ, ಅಪ್ಪನ ಪೆನ್ಶನ್ ಬ್ಯಾಂಕ್ ಬದಲಾಯಿಸ್ಬೇಕಂತೆ." ಅಂಚೆ ಕಚೇರಿ ಹುಬ್ಬಳ್ಳಿಗೆ ವರ್ಗವಾಗಿತ್ತು.

ನಾನು ಗಟ್ಟಿಯಾಗಿ ನಿಂತೆ ಅಂತ ಹೇಳಿಕೊಳ್ಳುವ ಹಾಗಿಲ್ಲ. ಆ ಮಂಗಳವಾರದ ಶುಗರ್ ಟೆಸ್ಟ್ ಕಥೆ ಈ ಶಪಥ ಎಲ್ಲ ಆದ ಮೇಲಿನದು. ಆರೋಗ್ಯದ ವಿಷಯ, ಹೇಗೆ ಇಲ್ಲ ಅನ್ನೋದು ಅಂತ ಜಾರಿದೆ. ಮಗಳ ಪ್ರಶ್ನೆ ಚುಚ್ಚಿದ್ದೂ ಅದಕ್ಕೇ.

ಆ ಶನಿವಾರ ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ಅಪ್ಪ ಬೆಳಿಗ್ಗೆಯೇ ಟೆಸ್ಟ್ ಮಾಡಿಸಿಕೊಂಡು ಬಂದಿದ್ದರು. ರಿಪೋರ್ಟಿನ ಕವರ್ ಟಿವಿ ಮೇಲಿತ್ತು. ರಾತ್ರಿ ಎಂಟೂವರೆ. ಅಪ್ಪ ಹಾಲ್‌ನಲ್ಲಿ ವಾರ್ತೆ ನೋಡುತ್ತಿದ್ದರು. ನಾನು ಒಂದು ಪತ್ರಿಕೆ ಹಿಡಿದು ಕೂತಿದ್ದೆ. ಮಗಳು ನೆಲದ ಮೇಲೆ ಬಣ್ಣದ ಪೆನ್ಸಿಲ್ ಹರಡಿಕೊಂಡಿದ್ದಳು. ಅಮ್ಮ ಅಡುಗೆಮನೆ ಬಾಗಿಲಿಗೆ ಬಂದು ಸೆರಗಿನಿಂದ ಕೈ ಒರೆಸಿಕೊಂಡು ನನ್ನನ್ನೇ ನೋಡಿದಳು. ನಾನು ಪತ್ರಿಕೆಯಿಂದ ಕಣ್ಣೆತ್ತಲಿಲ್ಲ. ಅದೇ ಸಾಲನ್ನು ನಾಲ್ಕನೇ ಸಲ ಓದುತ್ತಿದ್ದೆ. ಅಮ್ಮ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಯಾರಿಗೂ ಅಲ್ಲ ಅನ್ನೋ ಹಾಗೆ, ಗೋಡೆ ಗಡಿಯಾರದ ಕಡೆ ನೋಡಿ, "ಊಟ ಆಗಿದೆ" ಅಂದಳು.

ಅಪ್ಪ ರಿಮೋಟ್ ತಗೊಂಡು ದನಿ ಕಡಿಮೆ ಮಾಡಿದರು. ಕತ್ತು ಅಡುಗೆಮನೆ ಕಡೆ ಅರ್ಧ ತಿರುಗಿತು. ನಾನು ಉಸಿರು ಹಿಡಿದೆ. ಅರ್ಧ ತಿರುಗಿದ ಕತ್ತು ವಾಪಸ್ ಬಂದು ನನ್ನ ಕಡೆ ನಿಂತಿತು. "ಏನಂತೆ?" ಅಂದರು.

ನಾನು ಬಾಯಿ ಬಿಡಲಿಲ್ಲ. ಮಗಳು ಪೆನ್ಸಿಲ್ ಕೆಳಗಿಟ್ಟು ಎದ್ದು ಓಡಿದಳು. ತಾತನ ಮೊಣಕಾಲು ಹಿಡಿದು ಜಗ್ಗಿ, ಜೋರಾಗಿ, ಬಹಳ ಖುಷಿಯಿಂದ ಹೇಳಿದಳು.

"ತಾತಾ, ಊಟ ಆಗಿದೆಯಂತೆ! ಕೈ ತೊಳ್ಕೊಂಡು ಬರ್ಬೇಕಂತೆ!"

ಕೈ ತೊಳೆಯುವ ಮಾತು ಅಮ್ಮ ಹೇಳಿರಲೇ ಇಲ್ಲ. ಅಪ್ಪ ಎದ್ದು ಕೈ ತೊಳೆಯೋಕೆ ಹೋದರು.